ಗಂಜ್‌ನಲ್ಲಿ ಪತ್ತಿನ ಲೆಕ್ಕ: ಒಂದು ವೈಜ್ಞಾನಿಕ ಕತೆ ಕಟ್ಟಿದ ಬಗೆ

ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ, ಅಂದರೆ ಅಲ್ಲಿನ ಕೃಷಿ ಮಾರುಕಟ್ಟೆಯಲ್ಲಿ, ನಡೆಯುವ ಒಂದು ಕತೆ ಬರೆದೆ. ಕಾಲ 2070ರ ಆಸುಪಾಸು. ಆ ಹೊತ್ತಿಗೆ ರೂಪಾಯಿ ಹೋಗಿದೆ. ಮನುಷ್ಯನ ಹೆಸರಿಗೆ ಎಷ್ಟು ಬೆಲೆಯೋ ಅದೇ ಅವನ ದುಡ್ಡು. ಕತೆಯಲ್ಲಿ ಅದಕ್ಕೆ ‘ಪತ್ತು’ ಅಂತ ಹೆಸರಿಟ್ಟಿದ್ದೇನೆ. ಓದಿದ ಗೆಳೆಯರು ‘ಇದನ್ನೆಲ್ಲ ಹೆಂಗ ಹೊಂದಿಸಿದ್ರಿ?’ ಅಂತ ಕೇಳುತ್ತಲೇ ಇದ್ದಾರೆ. ನಾನು ಹಗಲು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಕತೆಗೂ ಅದೇ ಚಟ ಅಂಟಿತು. ಮೊದಲು ಖಾತೆ, ಆಮೇಲೆ ಪಾತ್ರ.

ಇಂಥ ಲೋಕ ಕಟ್ಟಿದವರು ನನಗಿಂತ ಮುಂಚೆ ಬೇಕಾದಷ್ಟು ಜನ ಇದ್ದಾರೆ. ಹೆಚ್ಚು ಹೆಸರಾದದ್ದು ಕೋರಿ ಡಾಕ್ಟರೋ ಬರೆದ ‘ಡೌನ್ ಆ್ಯಂಡ್ ಔಟ್ ಇನ್ ದ ಮ್ಯಾಜಿಕ್ ಕಿಂಗ್‌ಡಮ್’. 2003ರ ಕಾದಂಬರಿ. ಅಲ್ಲಿ ಸಾವಿಲ್ಲ, ಬಡತನವಿಲ್ಲ. ಯಾರಾದರೂ ಸತ್ತರೆ ಅವರ ಬ್ಯಾಕಪ್ ತೆಗೆದು ಹೊಸ ಮೈಗೆ ತುಂಬಿ ಎಬ್ಬಿಸುತ್ತಾರೆ. ಕೊನೇ ಬ್ಯಾಕಪ್ ಆದಮೇಲಿನ ನೆನಪು ಮಾತ್ರ ಹೋಗಿರುತ್ತದೆ. ದುಡ್ಡಿನ ಜಾಗದಲ್ಲಿ ‘ವುಫಿ’ ಇದೆ. ನಾಲ್ಕು ಜನ ಮೆಚ್ಚಿದಷ್ಟು ವುಫಿ. ಎದುರು ಬಂದವನ ವುಫಿ ಎಷ್ಟು ಅಂತ ತಲೆಯೊಳಗಿನ ಯಂತ್ರ ಹೇಳಿಬಿಡುತ್ತದೆ. ಓದುವಾಗ ಆಸೆ ಹುಟ್ಟುತ್ತದೆ. ಆದರೆ 2016ರಲ್ಲಿ ಡಾಕ್ಟರೋ ಅವರೇ ಒಂದು ಲೇಖನ ಬರೆದು, ಹೆಸರೇ ದುಡ್ಡಾದರೆ ಬಡವ-ಬಲ್ಲಿದರ ಅಂತರ ಈಗಿನದಕ್ಕಿಂತ ಜಾಸ್ತಿ ಆಗುತ್ತದೆ ಅಂದರು. ಅದೇ ವರ್ಷ ‘ಬ್ಲ್ಯಾಕ್ ಮಿರರ್’ ಸರಣಿಯಲ್ಲಿ ‘ನೋಸ್‌ಡೈವ್’ ಕಂತು ಬಂತು. ಅದರಲ್ಲಿ ಎಲ್ಲರೂ ಎಲ್ಲರಿಗೂ ಐದರಲ್ಲಿ ಇಷ್ಟು ಅಂತ ನಕ್ಷತ್ರ ಕೊಡುತ್ತಾರೆ. 4.2 ಇರುವ ಹುಡುಗಿ ಒಳ್ಳೇ ಮನೆಗಾಗಿ 4.5 ಮುಟ್ಟಲು ಒದ್ದಾಡುತ್ತಾಳೆ.

ಎರಡರಲ್ಲೂ ನನಗೆ ಒಂದು ಸಂಗತಿ ಒಗ್ಗಲಿಲ್ಲ. ಅಂಕ ಕೊಡುವವನ ಕೈಯಿಂದ ಏನೂ ಹೋಗಲ್ಲ. ಬೆರಳು ಆಡಿಸಿದ, ಮುಗೀತು. ಗಂಜ್‌ನಲ್ಲಿ ಹಾಗೆ ನಡೆಯಲ್ಲ.

ಮುಂಗಾರಿಗೆ ಮುಂಚೆ ಬೀಜ-ಗೊಬ್ಬರಕ್ಕೆ ರೈತರು ದಲಾಲಿ ಅಂಗಡಿಗೆ ಬರುತ್ತಾರೆ. ಗುರುತಿಲ್ಲದವನು ಬಂದರೆ ಸಾವ್ಕಾರರು ಊರು ಕೇಳುತ್ತಾರೆ. ಆ ಊರಿನ ಹಳೇ ಗಿರಾಕಿ ಯಾರಾದರೂ ಅಲ್ಲಿ ಕೂತಿದ್ದರೆ ‘ನಾ ಅದೀನಿ, ಕೊಡ್ರಿ ಸಾವ್ಕಾರ್ರ’ ಅನ್ನುತ್ತಾನೆ. ಅಷ್ಟೇ. ಕಾಗದ ಇಲ್ಲ. ಹತ್ತಿ ಬಿಡಿಸಿದ ಮೇಲೆ ಆ ಮಾಲು ಇದೇ ಅಂಗಡಿಗೆ ಬರಬೇಕು, ತಕ್‌ಪಟ್ಟಿಯಲ್ಲಿ (ಮಾಲಿನ ತೂಕ, ದರ ಬರೆದ ಲೆಕ್ಕದ ಚೀಟಿ) ಉದ್ರಿ ಮುರಿದುಕೊಂಡು ಉಳಿದದ್ದು ಅವನ ಕೈಗೆ. ಬಾರದೇ ಹೋದರೆ ‘ನಾ ಅದೀನಿ’ ಅಂದವನ ಮುಂದಿನ ಉದ್ರಿಗೆ ಕತ್ತರಿ ಬೀಳುತ್ತದೆ.

ಇದನ್ನೇ ಕತೆಯ ಮೊದಲ ನಿಯಮ ಮಾಡಿಕೊಂಡೆ. ಮೆಚ್ಚಿಗೆಗೆ ಪತ್ತು ಹುಟ್ಟಲ್ಲ, ಜಾಮೀನಿಗೆ ಹುಟ್ಟುತ್ತದೆ. ನಾನು ನಿಮ್ಮ ಪರ ನಿಂತರೆ ನನ್ನ ಪತ್ತಿನಲ್ಲಿ ಒಂದು ಪಾಲಿಗೆ ಬೀಗ ಬೀಳುತ್ತದೆ. ನೀವು ಮಾತು ಉಳಿಸಿಕೊಂಡರೆ ಬೀಗ ಬಿಚ್ಚಿ ಸ್ವಲ್ಪ ಸೇರಿಸಿ ವಾಪಸ್ ಬರುತ್ತದೆ. ಇಲ್ಲವಾದರೆ ಹೋಯಿತು.

ಎಕ್ಸೆಲ್‌ನಲ್ಲಿ ಒಂದು ಸಣ್ಣ ಊರಿನಷ್ಟು ಜನರನ್ನು ಹಾಕಿ ಈ ನಿಯಮ ಓಡಿಸಿ ನೋಡಿದೆ. ವೈಜ್ಞಾನಿಕ ಕತೆ ಬರೆಯುವವರು ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ. ನಾವು ಊಹಿಸದ ಕಡೆಗೆ ಲೆಕ್ಕ ಎಳೆದುಕೊಂಡು ಹೋಗುತ್ತದೆ. ಕೆಲವೇ ಸುಗ್ಗಿ ಕಳೆಯುವಷ್ಟರಲ್ಲಿ ಬಹುಪಾಲು ಪತ್ತು ಬೆರಳೆಣಿಕೆಯ ಮನೆಗಳಲ್ಲಿ ಕೂತಿತು. ಪತ್ತು ಜಾಸ್ತಿ ಇದ್ದವನು ಜಾಸ್ತಿ ಜನಕ್ಕೆ ಜಾಮೀನು ನಿಲ್ಲುತ್ತಾನೆ, ಅದರಿಂದ ಇನ್ನೂ ಜಾಸ್ತಿ ಬರುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ವಿಜ್ಞಾನಿಗಳ ಬಗ್ಗೆ ಇದೇ ಮಾತು ಹೇಳಿದ್ದರು. ಹೆಸರಿದ್ದವರಿಗೇ ಮತ್ತೆ ಹೆಸರು.

ಇದಕ್ಕೆ ಒಂದು ಮದ್ದು ಬೇಕಿತ್ತು. ಆಸ್ಟ್ರಿಯಾದ ವೋರ್ಗ್ಲ್ ಎಂಬ ಸಣ್ಣ ಪಟ್ಟಣದಲ್ಲಿ ಸಿಕ್ಕಿತು. 1932ರಲ್ಲಿ, ಜನಕ್ಕೆ ಕೆಲಸವಿಲ್ಲದ ಕಾಲದಲ್ಲಿ, ಆ ಊರು ತನ್ನದೇ ನೋಟು ಹೊರಡಿಸಿತು. ಪ್ರತಿ ತಿಂಗಳು ನೋಟಿನ ಬೆಲೆಯ ಶೇ. 1ರಷ್ಟು ಚೀಟಿ ಕೊಂಡು ಅಂಟಿಸಬೇಕು, ಇಲ್ಲವಾದರೆ ನೋಟು ಪೂರ್ತಿ ಬೆಲೆಗೆ ಚಲಾವಣೆ ಆಗಲ್ಲ. ಹಾಗಾಗಿ ಯಾರೂ ಕೂಡಿಡಲಿಲ್ಲ, ಬೇಗ ಬೇಗ ಖರ್ಚು ಮಾಡಿದರು. ಮರುವರ್ಷ ಅಲ್ಲಿನ ಕೇಂದ್ರ ಬ್ಯಾಂಕ್ ಅದನ್ನು ನಿಲ್ಲಿಸಿತು. ನಾನು ಅದೇ ಶೇ. 1 ತಂದು ಪತ್ತಿಗೆ ಹಚ್ಚಿದೆ. ಸುಮ್ನೆ ಕೂತವನ ಪತ್ತು ತಿಂಗಳಿಗೆ ನೂರಕ್ಕೆ ಒಂದು ಸವೆಯುತ್ತದೆ. ವರ್ಷಕ್ಕೆ ಸುಮಾರು 11 ಹೋಗುತ್ತದೆ. ಆರು ವರ್ಷ ತುಂಬುವ ಮೊದಲೇ ಅರ್ಧ ಖಾಲಿ.

ದೊಡ್ಡ ಮನೆಗಳ ಪತ್ತೇನೋ ಕರಗಿತು. ಜೊತೆಗೆ ಇನ್ನೊಬ್ಬರದೂ ಕರಗಿತು. ಮಂಡಿನೋವು ಬಂದು ಚೀಲ ಹೊರಲಾಗದ ಹಮಾಲನದು. ಕತೆ ಸಿಕ್ಕಿದ್ದು ಅಲ್ಲೇ.

ಆದರೆ ಹಮಾಲನನ್ನು ಬಿಟ್ಟು ಅವನ ಪಕ್ಕದವಳನ್ನು ಹಿಡಿದೆ. ಟೆಂಡರ್ ಮುಗಿದು ತೂಕ ಆದಮೇಲೆ ನೆಲಕ್ಕೆ ಚೆಲ್ಲಿದ ಕಾಳು ಗುಡಿಸಿ, ಮೊರದಲ್ಲಿ ಕೇರಿ ಸೇರುಗಟ್ಟಲೆ ಮಾಡುವ ಹೆಂಗಸರಿದ್ದಾರೆ. ಅವರಿಗೆ ಯಾರೂ ಉದ್ರಿ ಕೊಡಲ್ಲ, ಅವರ ಜಾಮೀನನ್ನು ಯಾರೂ ಕೇಳಲ್ಲ. ನನ್ನ ಪುಸ್ತಕದಲ್ಲಿ ಅವರಿಗೆ ಖಾತೆಯೇ ಇಲ್ಲ. ಸೊನ್ನೆ ಇದ್ದವನಿಗೆ ಒಂದು ಸಾಲಾದರೂ ಇರುತ್ತದೆ, ಇವರಿಗೆ ಅದೂ ಇಲ್ಲ. ನನ್ನ ಕತೆಯ ಹುಲಿಗೆಮ್ಮ ಇಂಥವಳು.

ಆಮೇಲೆ ಗುರುತಿನ ಪ್ರಶ್ನೆ ಬಂತು. ಒಬ್ಬನೇ ಹತ್ತು ಹೆಸರಿನಲ್ಲಿ ಖಾತೆ ತೆಗೆದು ತನಗೆ ತಾನೇ ಜಾಮೀನು ನಿಂತರೆ? ಕಂಪ್ಯೂಟರ್ ಓದಿದವರು ಇದನ್ನು ಸಿಬಿಲ್ ದಾಳಿ ಅನ್ನುತ್ತಾರೆ. ಜಾನ್ ಡೂಸರ್ ಎಂಬುವರು 2002ರಲ್ಲಿ ಈ ಹೆಸರಿನ ಪ್ರಬಂಧ ಬರೆದರು. ಬ್ಯಾಂಕಿನ ಸಿಬಿಲ್ ಸ್ಕೋರ್‌ಗೂ ಇದಕ್ಕೂ ಸಂಬಂಧವಿಲ್ಲ. ಬೆರಳಚ್ಚು ಇಟ್ಟರೆ ಆಯ್ತಲ್ಲ ಅಂತ ಸುಲಭವಾಗಿ ಹೇಳಬಹುದು. ಆಧಾರ್‌ಗೆ ಹತ್ತು ಬೆರಳು, ಎರಡು ಕಣ್ಣು, ಮುಖದ ಫೋಟೋ ತೆಗೆದುಕೊಳ್ಳುತ್ತಾರೆ. ಆದರೂ ಗೋಣಿಚೀಲ ಎಳೆದೂ ಎಳೆದೂ ಗೆರೆ ಸವೆದ ಬೆರಳನ್ನು ರೇಷನ್ ಅಂಗಡಿಯ ಯಂತ್ರ ಒಪ್ಪದಿರುವುದು ನಮ್ಮ ಕಡೆ ಹೊಸದೇನಲ್ಲ. ಅದಕ್ಕೇ ಕತೆಯಲ್ಲಿ ಬೆರಳಚ್ಚು ಕೈಬಿಟ್ಟೆ. ‘ಇವಳು ಇಂಥವಳು’ ಅಂತ ಮೂರು ಜನ ಹೇಳಿದರೆ ಖಾತೆ. ಆ ಮೂವರ ಪತ್ತಿಗೂ ಬೀಗ. ಬೆಂಗಳೂರಿಗೆ ಗುಳೆ ಹೋದವನಿಗೆ ಅಲ್ಲಿ ಈ ಮೂವರು ಸಿಗಲ್ಲ. ಅದನ್ನೂ ಹಾಗೇ ಉಳಿಸಿಕೊಂಡೆ.

ಇಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ ನೆರವಿಗೆ ಬಂತು. ದೇಶದ ಬೇರೆ ಬೇರೆ ಕಡೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ ಬಿರುದಷ್ಟೇ ಇತ್ತು. ಆ ರಾಜ ಅಶೋಕನೇ ಇರಬೇಕು ಅಂತ ಸಿಂಹಳದ ಗ್ರಂಥಗಳ ಆಧಾರದ ಮೇಲೆ ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಪತ್ತೆ ಮಾಡಿದರು. ಅದರಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಅನ್ನುವ ಹೆಸರಿತ್ತು. ಎರಡು ಹೆಸರು ಒಂದೇ ಕಲ್ಲಿನ ಮೇಲೆ ಬಂದಾಗ ಗುರುತು ಗಟ್ಟಿಯಾಯಿತು. ಹುಲಿಗೆಮ್ಮನಿಗೂ ಇದೇ ಉಪಾಯ ಹೂಡಿದೆ. ಗಂಜ್‌ನಲ್ಲಿ ಆಕೆಗೆ ಹಮಾಲರು ಇಟ್ಟ ಅಡ್ಡಹೆಸರು ಮಾತ್ರ ಗೊತ್ತು. ಊರಿನಲ್ಲಿ ಬೇರೆ ಹೆಸರು. ಎರಡೂ ಇರುವ ಒಂದು ಹಳೇ ತಕ್‌ಪಟ್ಟಿ ಯಾರದೋ ಟ್ರಂಕಿನಲ್ಲಿ ಸಿಗುತ್ತದೆ.

ತಂತ್ರಜ್ಞಾನದ ವಿಷಯದಲ್ಲಿ ನಾನು ಜಿಪುಣ. ತಲೆಯೊಳಗೆ ಚಿಪ್ ಇಡಲಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ತಲೆ ಕಾಯುವುದು ಈಗಿರುವಷ್ಟೇ ಸಾಕು. ಚಹಾದಂಗಡಿಯಲ್ಲಿ ‘ಹತ್ತು ರೂಪಾಯಿ ಬಂದಿದೆ’ ಅಂತ ಕೂಗುವ ಡಬ್ಬಿ ಇದೆಯಲ್ವಾ, ಅದನ್ನೇ ಬೆಳೆಸಿದೆ. ನೀವು ಹೊಸ್ತಿಲು ದಾಟಿದ ಕೂಡಲೇ ಅದು ನಿಮ್ಮ ಪತ್ತನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತದೆ. ಹುಲಿಗೆಮ್ಮ ಬಂದಾಗ ಅದು ಸುಮ್ಮನಿರುತ್ತದೆ. ಯಾರೂ ಒಳಗೆ ಬಂದಿಲ್ಲ ಅಂತಲೇ ಅದರ ಲೆಕ್ಕ.

ಸಿಂಧನೂರಿನ ಮಾಸ್ತರೊಬ್ಬರು ಕರಡು ಓದಿ, ‘2070ಕ್ಕ ಗಂಜ್ ಇರ್ತೈತೇನ್ರಿ?’ ಅಂದರು. ಒಳ್ಳೇ ಪ್ರಶ್ನೆ. ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಹಾಗಾಗಿ ಕತೆಯಲ್ಲಿ ಎಡದಂಡೆ ಕಾಲುವೆಯ ಕೊನೆಯಲ್ಲಿ ಭತ್ತ ತೆಗೆದು ಜೋಳ, ತೊಗರಿ ಹಾಕಿದೆ.

ಮಾಸ್ತರ ಎರಡನೇ ಮಾತಿಗೆ ಉತ್ತರ ಹುಡುಕಲು ಹೆಚ್ಚು ಹೊತ್ತು ಬೇಕಾಯಿತು. ‘ಜಾಮೀನು ನಿಲ್ಲೋರು ಯಾರು ಅಂತ ನೋಡ್ರಿ’ ಅಂದರು. ಯಾರು ಯಾರಿಗೆ ನಿಲ್ಲುತ್ತಾರೆ ಅನ್ನುವುದನ್ನು ನಾನು ಗಂಜ್‌ನಲ್ಲಿ ಕಂಡ ಹಾಗೇ ಎಕ್ಸೆಲ್‌ಗೆ ಹಾಕಿದ್ದೆ. ತೆಗೆದು ನೋಡಿದರೆ ಪತ್ತು ತಿರುಗಿದ್ದೆಲ್ಲ ಆಯಾ ಕೇರಿಯೊಳಗೇ. ಒಂದು ಕೇರಿಯಿಂದ ಇನ್ನೊಂದಕ್ಕೆ ಎಳೆಯೇ ಇಲ್ಲ. ಮೂರನೇ ಸಾಕ್ಷಿ ಬೇರೆ ಕೇರಿಯವನೇ ಆಗಿರಬೇಕು ಅಂತ ಒಂದು ನಿಯಮ ಬರೆದರೆ ಹಾಳೆಯ ಮೇಲೆ ಎಲ್ಲ ಸರಿಹೋಗುತ್ತಿತ್ತು. ಬರೆಯಲಿಲ್ಲ. ಜಾತಿಯನ್ನು ಒಂದು ಸಾಲಿನ ನಿಯಮದಲ್ಲಿ ಬಗೆಹರಿಸುವ ಕತೆಯನ್ನು ನಾನಾದರೂ ನಂಬಲ್ಲ. ಹುಲಿಗೆಮ್ಮನಿಗೆ ಮೂರನೆಯವನನ್ನು ಹುಡುಕುವುದೇ ಕತೆಯ ಅರ್ಧ ಭಾಗ ಆಯಿತು. ಸಿಕ್ಕವನು ಆ ಮಂಡಿನೋವಿನ ಹಮಾಲ. ಅವನ ಬಳಿ ಉಳಿದ ಪತ್ತು ಒಂದು ಬೀಗಕ್ಕೆ ಸಾಲುವಷ್ಟೇ ಇತ್ತು.

ಈಗ ಎರಡನೇ ಕತೆಗೆ ಕೈ ಹಾಕಿದ್ದೇನೆ. ಪತ್ತಿದ್ದವನು ಸತ್ತರೆ ಅದು ಯಾರಿಗೆ? ಗಂಜ್‌ನಲ್ಲಿ ಅಪ್ಪನ ಉದ್ರಿ ಮಗನ ಖಾತೆಗೆ ಏರುತ್ತದೆ, ಅದನ್ನು ದಿನಾ ಬರೆಯುತ್ತೇನೆ. ಅಪ್ಪನ ಹೆಸರಿನಲ್ಲಿ ಮಗನಿಗೆ ಎಷ್ಟು ಪಾಲು ಬರಬೇಕು, ಮಗಳಿಗೆ ಎಷ್ಟು, ಅವನು ಜಾಮೀನು ನಿಂತ ಬೀಗಗಳನ್ನು ಯಾರು ಹೊರಬೇಕು ಅಂತ ಹೊಸ ಹಾಳೆಯಲ್ಲಿ ಹಾಕುತ್ತಿದ್ದೇನೆ. ಸದ್ಯಕ್ಕೆ ಮಗಳ ಸಾಲು ಹೊಂದುತ್ತಿಲ್ಲ.