ಚಡವಿನಲ್ಲಿ ಮಾತ್ರ ಕಾಯುತ್ತಿದ್ದ ಆಲ್ಟೋ

ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ ಕಡೆಗೆ ಬರುವಾಗ ನಾಯ್ಕಾಪು ದಾಟಿದ ಮೇಲೆ ಚಡವು, ಅಂದರೆ ಏರು ರಸ್ತೆ, ಸಿಗುತ್ತದೆ. ಘಾಟಿಯೇನೂ ಅಲ್ಲ, ಯಾರೂ ಅದಕ್ಕೆ ಹೆದರುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಅಲ್ಲಿ ನನ್ನ ಆಲ್ಟೋದ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಹಿಂದೆ ಎರಡು ಗೋಣಿ ಹಿಂಡಿ, ಪಕ್ಕದಲ್ಲಿ ಹೆಂಡತಿ, ಎದುರಿಗೆ ಮುರಕಲ್ಲು ಹೊತ್ತ ಲಾರಿ. ಓವರ್‌ಟೇಕ್ ಮಾಡಲು ಜಾಗ ಇಲ್ಲ. ಎರಡನೇ ಗಿಯರಿನಲ್ಲಿ ತೆವಳುತ್ತಾ ಹೋಗಿ ಒಂದು ಗೇರುಮರದ ನೆರಳು ಕಂಡಲ್ಲಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿದೆ.

"ಮೊನ್ನೆ ತಾನೇ ರಿಪೇರಿ ಆದದ್ದಲ್ವಾ?" ಎಂದಳು ಹೆಂಡತಿ. ಹೌದು. ಅದೇ ನನಗೂ ತಲೆಗೆ ಹೋಗದ ವಿಷಯ.

ಮೊನ್ನೆಯ ಕಥೆ ಇಷ್ಟು. ಮಾರ್ಚಿನಲ್ಲಿ ಮಂಗಳೂರಿನಿಂದ ಬರುವಾಗ ಉಪ್ಪಳದಲ್ಲಿ ಬ್ಲಾಕ್. ಆಗ ಹೆದ್ದಾರಿ 66ರ ಅಗಲೀಕರಣ ನಡೆಯುತ್ತಿತ್ತು, ರಸ್ತೆ ದಿನಕ್ಕೊಂದು ಕಡೆ ತಿರುಗುತ್ತಿತ್ತು. ನಿಂತಲ್ಲೇ ಮುಳ್ಳು ಏರಿತು, ಬಾನೆಟ್ ಸಂದಿಯಿಂದ ಹಬೆ ಬಂತು. ರೇಡಿಯೇಟರ್ ಫ್ಯಾನ್ ತಿರುಗುತ್ತಲೇ ಇರಲಿಲ್ಲ. ಒಂದು ಗ್ಯಾರೇಜಿನಲ್ಲಿ ಮೋಟಾರು ಸುಟ್ಟಿದೆ ಎಂದು ಬೇರೆ ಹಾಕಿಕೊಟ್ಟರು. ಫ್ಯಾನ್ ತಿರುಗಿತು. ನಾನು ದುಡ್ಡು ಕೊಟ್ಟು ಬಂದೆ.

ಈಗ ಮತ್ತೆ ಅಲ್ಲಿಗೇ ಹೋದರೆ ಅವರು ಸ್ವಲ್ಪ ಹೊತ್ತು ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾರ್ರೆ, ಹೆಡ್ ಕಳಚಬೇಕು" ಎಂದರು. 14 ಸಾವಿರ ಆಗಬಹುದಂತೆ. ಗಾಡಿ 2008ರ ಮಾಡೆಲ್, ಏಸಿ ಇಲ್ಲ, ನಾನು ಎರಡನೇ ಓನರು. ಅಷ್ಟು ಸುರಿಯುವ ಮೊದಲು ನಾನೇ ಒಮ್ಮೆ ನೋಡುತ್ತೇನೆ ಎಂದು ಮನೆಗೆ ತಂದೆ. ನಾನು ಮೆಕ್ಯಾನಿಕ್ ಅಲ್ಲ, ಅಡಿಕೆ ಕೃಷಿಕ. ಆದರೆ ತೋಟದ ಪಂಪು, ಮದ್ದು ಬಿಡುವ ಮಿಷನ್ನು, ಹುಲ್ಲು ಕತ್ತರಿಸುವ ಮಿಷನ್ನು ಎಲ್ಲ ಬಿಚ್ಚಿ ಜೋಡಿಸಿ ಅಭ್ಯಾಸ ಇದೆ.

ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್. ಅದು ಹೋಗಿದೆಯೋ ಇಲ್ಲವೋ ಎಂದು ನೋಡಲು ಹೆಡ್ ಕಳಚಬೇಕಾಗಿಲ್ಲ. ಮರುದಿನ ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಆಯಿಲ್ ಕಡ್ಡಿ ಎಳೆದು ನೋಡಿದೆ. ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಾಯದ ಬಣ್ಣಕ್ಕೆ ಬರುತ್ತದೆ. ಹಾಗಿರಲಿಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಬಾಯಿಯೊಳಗೆ ನೋಡುತ್ತಾ ನಿಂತೆ. ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದ್ದರೆ ಒಂದೇ ಸಮನೆ ಗುಳ್ಳೆ ಬರಬೇಕು. ಇಲ್ಲ. ಮುಚ್ಚಳ ಹಾಕಿದ ಮೇಲೆ ಮೇಲಿನ ಹೋಸ್ ಹಿಸುಕಿದೆ. ಗ್ಯಾಸ್ಕೆಟ್ ಹೋದ ಗಾಡಿಯಲ್ಲಿ ನೀರು ಬಿಸಿಯಾಗುವ ಮೊದಲೇ ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಇದು ಮೆತ್ತಗೇ ಇತ್ತು. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇಲ್ಲ. ಕೆಂಪಿನಲ್ಲೇ ಇನ್ನೆರಡು ಕಿಲೋಮೀಟರ್ ಓಡಿಸಿದ್ದರೆ ಅವರ ಮಾತು ನಿಜವಾಗುತ್ತಿತ್ತೇನೋ. ಹೆಡ್ ಅಲ್ಯೂಮಿನಿಯಂನದ್ದು, ಕಾದರೆ ಬೇಗ ಬಾಗುತ್ತದೆ. ಆ ಗೇರುಮರ ನನಗೆ ದೊಡ್ಡ ಉಪಕಾರ ಮಾಡಿದೆ.

ಹಾಗಾದರೆ ಎಂತದು? ಬಿಸಿಯಾಗುತ್ತದೆ ಎಂದರೆ ಏನೂ ಹೇಳಿದ ಹಾಗಾಗುವುದಿಲ್ಲ, ಯಾವಾಗ ಬಿಸಿಯಾಗುತ್ತದೆ ಎಂದು ನೋಡಬೇಕು. ಬ್ಲಾಕಿನಲ್ಲಿ ನಿಂತಾಗ ಬಿಸಿಯಾಗಿ, ಓಡಿದರೆ ತಣ್ಣಗಾಗುತ್ತದೆ ಎಂದಾದರೆ ಫ್ಯಾನ್ ಕಡೆ ನೋಡಬೇಕು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಫ್ಯಾನ್ ಬೇಕಾಗುವುದು ನಿಂತಾಗ. ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲಿ 80ರಲ್ಲಿ ಹೋಗುವಾಗ ಏರುತ್ತದೆ ಎಂದಾದರೆ ನೀರು ಬೇಕಾದಷ್ಟು ಸುತ್ತುತ್ತಿಲ್ಲ. ರೇಡಿಯೇಟರ್ ಒಳಗೆ ಕಟ್ಟಿರಬಹುದು, ಬಿಸಿಯಾದ ಮೇಲೆ ನೀರನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಅರ್ಧವೇ ತೆರೆಯುತ್ತಿರಬಹುದು, ವಾಟರ್ ಪಂಪಿನ ಬೆಲ್ಟ್ ಜಾರುತ್ತಿರಬಹುದು. ಸ್ಟಾರ್ಟ್ ಮಾಡಿ ಐದೇ ನಿಮಿಷಕ್ಕೆ ಏರಿದರೆ ಒಂದೋ ನೀರೇ ಇಲ್ಲ, ಇಲ್ಲದಿದ್ದರೆ ಥರ್ಮೋಸ್ಟಾಟ್ ಮುಚ್ಚಿಯೇ ಕೂತಿದೆ.

ನನ್ನದು ಯಾವುದಕ್ಕೂ ಹೊಂದಲಿಲ್ಲ. ಮಟ್ಟಸ ರಸ್ತೆಯಲ್ಲಿ 60ರಲ್ಲಿ ಹೋದರೆ ಮುಳ್ಳು ಅರ್ಧದಲ್ಲೇ ಇರುತ್ತಿತ್ತು. ಅಂಗಳದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಇಂಜಿನ್ ಓಡಿಸಿದರೂ ಸ್ವಲ್ಪ ಏರಿ ಅಲ್ಲೇ ನಿಲ್ಲುತ್ತಿತ್ತು. 20-30ರ ವೇಗದಲ್ಲಿ ಚಡವು ಹತ್ತುವಾಗ ಮಾತ್ರ ಕೆಂಪು. ಇದು ಎಂತಹ ಕಾಯಿಲೆ ಎಂದು ಮೂರು ದಿನ ಯೋಚಿಸಿದೆ, ಗೊತ್ತಾಗಲಿಲ್ಲ. ಗೊತ್ತಾಗದಾಗ ನಾನು ಮಾಡುವುದು ಒಂದೇ, ಬಿಚ್ಚುವುದು.

ಮೊದಲು ಸಿಕ್ಕಿಬಿದ್ದದ್ದು ಮುಚ್ಚಳ. ಬೆಳಿಗ್ಗೆ ನೋಡಿದರೆ ಮೇಲಿನ ಹೋಸ್ ಯಾರೋ ಮೆಟ್ಟಿದ ಹಾಗೆ ಚಪ್ಪಟೆಯಾಗಿತ್ತು. ಪಕ್ಕದ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ನೀರು ತುಂಬಿದೆ, ರೇಡಿಯೇಟರಿನಲ್ಲಿ ಕಡಿಮೆ. ಮುಚ್ಚಳ ಎರಡು ಕೆಲಸ ಮಾಡಬೇಕು. ಬಿಸಿಯಾದಾಗ ಒಳಗೆ ಒತ್ತಡ ಹಿಡಿದು, ಜಾಸ್ತಿಯಾದದ್ದನ್ನು ಬಾಟ್ಲಿಗೆ ಬಿಡಬೇಕು. ತಣ್ಣಗಾದಾಗ ಅದೇ ನೀರನ್ನು ಬಾಟ್ಲಿಯಿಂದ ವಾಪಸ್ ಎಳೆದುಕೊಳ್ಳಬೇಕು. ಎಳೆಯಲು ಮಧ್ಯದಲ್ಲಿ ಒಂದು ಸಣ್ಣ ವಾಲ್ವ್ ಇದೆ, ನನ್ನದರಲ್ಲಿ ಅದು ಅಂಟಿಕೊಂಡಿತ್ತು. ಸುತ್ತಲಿನ ರಬ್ಬರೂ ಬಿರಿದಿತ್ತು. ಹೀಗಾದರೆ ಒತ್ತಡವೂ ನಿಲ್ಲುವುದಿಲ್ಲ. ಮುಚ್ಚಳದ ಮೇಲೆ 0.9 ಎಂದು ಬರೆದಿರುತ್ತದೆ. ಅಷ್ಟು ಒತ್ತಡ ಇದ್ದರೆ ಬರೀ ನೀರು ಕೂಡ 100ರಲ್ಲಿ ಕುದಿಯದೆ 118 ಡಿಗ್ರಿಯವರೆಗೆ ತಡೆಯುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಬಾರದು ಎನ್ನುವುದೂ ಇದಕ್ಕೇ. ತೆಗೆದ ಕ್ಷಣ ಒತ್ತಡ ಹೋಗುತ್ತದೆ, ನೂರರ ಮೇಲಿರುವ ನೀರು ಅಲ್ಲಿಂದಲ್ಲೇ ಹಬೆಯಾಗಿ ಮುಖಕ್ಕೆ ಹಾರುತ್ತದೆ. ನೆರೆಮನೆಯ ಮಾವ ಬಿಸಿ ಇರುವಾಗಲೇ ಬೈರಾಸು (ಟವೆಲ್) ಸುತ್ತಿ ತೆಗೆದಿದ್ದರು. ಮೊಣಕೈವರೆಗಿನ ಕಲೆ ಈಗಲೂ ಇದೆ. ನಾನು ಇಂಜಿನ್ ಆಫ್ ಮಾಡಿ ಮುಕ್ಕಾಲು ಗಂಟೆ ಕಾಯುತ್ತೇನೆ. ಹೋಸ್ ಮುಟ್ಟಿ, ಹಿಸುಕಿ ನೋಡಿದ ಮೇಲೆಯೇ ಮುಚ್ಚಳಕ್ಕೆ ಕೈ.

ಮುಚ್ಚಳಕ್ಕೆ 150 ರೂಪಾಯಿ. ಹೊಸದು ಹಾಕಿದೆ. ಹೋಸ್ ಚಪ್ಪಟೆಯಾಗುವುದು ನಿಂತಿತು. ಚಡವಿನಲ್ಲಿ ಮುಳ್ಳು ಏರುವುದು ನಿಲ್ಲಲಿಲ್ಲ.

ಮುಂದಿನದು ಥರ್ಮೋಸ್ಟಾಟ್. "ನಮ್ಮ ಸೆಕೆಗೆ ಅದು ಬೇಡವೇ ಬೇಡ, ಕಿತ್ತು ಬಿಸಾಡಿ" ಎಂದು ಹೇಳುವವರು ನಮ್ಮಲ್ಲಿ ಊರಿಗೆ ಹತ್ತು ಜನ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಗೆ ಬರುವುದಿಲ್ಲ. ಗಾಡಿ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಮೈಲೇಜ್ ಹೋಗುತ್ತದೆ, ಇಂಜಿನ್ನೂ ಬೇಗ ಸವೆಯುತ್ತದೆ. ಬಿಸಾಡುವ ಮೊದಲು ಪರೀಕ್ಷೆ ಮಾಡುವುದು ಬಹಳ ಸುಲಭ. ಮೈಲುತುತ್ತು ಕದಡುವ ಹಳೇ ಪ್ಲಾಸ್ಟಿಕ್ ಪಾತ್ರೆ ಒಲೆಗೆ ಆಗುವುದಿಲ್ಲವಲ್ಲ, ಹಾಗಾಗಿ ಅಡುಗೆಮನೆಯ ಒಂದು ಪಾತ್ರೆಯೇ ಬೇಕಾಯಿತು. ಹೆಂಡತಿ ಕೊಡಲಿಲ್ಲ. ದನಕ್ಕೆ ಮಡ್ಡಿ ಬೇಯಿಸುವ ಪಾತ್ರೆ ಸಿಕ್ಕಿತು. ನೀರಿಟ್ಟು, ಥರ್ಮೋಸ್ಟಾಟನ್ನು ಅಡಿಗೆ ತಾಗದ ಹಾಗೆ ನೂಲಿನಲ್ಲಿ ಇಳಿಬಿಟ್ಟೆ. ಮೇಷ್ಟ್ರಾಗಿರುವ ಭಾವ ಒಂದು ಲ್ಯಾಬಿನ ಥರ್ಮಾಮೀಟರ್ ತಂದುಕೊಟ್ಟಿದ್ದರು. ಥರ್ಮೋಸ್ಟಾಟಿನ ಮೇಲೆ 82 ಎಂದು ಅಚ್ಚಾಗಿದೆ, ಅದು ತೆರೆಯಲು ಶುರುವಾಗುವ ಡಿಗ್ರಿ. 83ರ ಹತ್ತಿರ ಬಾಯಿ ಬಿಡಲು ಶುರುಮಾಡಿತು, 95 ಆಗುವಾಗ ಪೂರ್ತಿ ತೆರೆದುಕೊಂಡಿತು. ಒಳಗಿನ ಮೇಣ ಬಿಸಿಗೆ ಹಿಗ್ಗಿ ವಾಲ್ವ್ ದೂಡುವುದಷ್ಟೇ ಅದರ ಕೆಲಸ. ನಮ್ಮದು ಚೆನ್ನಾಗಿಯೇ ಮಾಡುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿ ಅದನ್ನೇ ಕೂರಿಸಿದೆ.

ಬೆಲ್ಟ್ ಬಿಗಿ ಇತ್ತು. ವಾಟರ್ ಪಂಪಿನ ಕೆಳಗೆ ಸೋರಿದ ಗುರುತಿಲ್ಲ. ಪುಲ್ಲಿ ಅಲ್ಲಾಡಿಸಿದರೆ ಆಟ ಇಲ್ಲ.

ರೇಡಿಯೇಟರಿನ ನೀರು ಬಿಟ್ಟಾಗ ಮಾತ್ರ ನನಗೇ ನಾಚಿಕೆಯಾಯಿತು. ಕೆಂಪು ಮಣ್ಣಿನ ನೀರು. ಕೂಲಂಟ್, ಅಂದರೆ ಇಂಜಿನ್ ತಣಿಸಲು ರೇಡಿಯೇಟರಿಗೆ ಹಾಕುವ ದ್ರವ, ಕಡಿಮೆಯಾದಾಗಲೆಲ್ಲ ನಾನು ಬೋರ್‌ವೆಲ್ ನೀರು ಹೊಯ್ಯುತ್ತಿದ್ದೆ. ನಮ್ಮ ಬೋರಿನ ನೀರಿಗೆ ಬಿಳಿ ಬಟ್ಟೆ ಆರು ತಿಂಗಳಲ್ಲಿ ಹಳದಿಯಾಗುತ್ತದೆ, ಅಷ್ಟು ಕಬ್ಬಿಣ. ಮನೆಯ ಹಿಂದೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇದೆ, ಕುಡಿಯುವುದು ಅದನ್ನೇ. ಕಾರಿಗೆ ಮಾತ್ರ ಬೋರಿನದ್ದು ಸಾಕು ಎಂದು ನಾನು ತೀರ್ಮಾನಿಸಿದ್ದೆ. ಸುರಂಗದ ನೀರು ಹಾಯಿಸಿ ಹಾಯಿಸಿ ತಿಳಿಯಾಗುವವರೆಗೆ ತೊಳೆದೆ. ಹೊರಗಿನ ರೆಕ್ಕೆಗಳಲ್ಲಿ ಹೆದ್ದಾರಿಯ ಧೂಳು ಮೆತ್ತಿತ್ತು. ಅದಕ್ಕೆ ಮದ್ದು ಬಿಡುವ ಪವರ್ ಸ್ಪ್ರೇಯರ್ ಹಿಡಿಯೋಣ ಎಂದು ಮಗ ಹೊರಟಿದ್ದ, ತಡೆದೆ. ಆ ರಭಸಕ್ಕೆ ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ, ಮತ್ತೆ ಗಾಳಿಯೇ ಹೋಗುವುದಿಲ್ಲ. ಹೂಗಿಡಕ್ಕೆ ಹಾಯಿಸುವ ಪೈಪಿನಲ್ಲಿ, ಇಂಜಿನ್ ಕಡೆಯಿಂದ ಹೊರಗೆ ಬರುವ ಹಾಗೆ ತೊಳೆದರೆ ಸಾಕು.

ಹಳೇ ಕೂಲಂಟಿನ ಬಗ್ಗೆ ಒಂದು ಮಾತು. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ಬಂದು ನೆಕ್ಕುತ್ತವೆ, ಮತ್ತೆ ಕಿಡ್ನಿ ಹೋಗಿ ಸಾಯುತ್ತವೆ. ಬೇಸಿನ್‌ನಲ್ಲಿ ಹಿಡಿದು ಕ್ಯಾನಿಗೆ ಹಾಕಿ ಮುಚ್ಚಿಟ್ಟೆ. ಹಟ್ಟಿಯ ಕಡೆಗೆ ಹರಿಯಲು ಬಿಡಲಿಲ್ಲ.

ಹೊಸ ಕೂಲಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಒಟ್ಟು ಮೂರೂವರೆ ಲೀಟರಿನ ಹತ್ತಿರ ಹಿಡಿಯಿತು. ಒಳಗೆ ಗಾಳಿ ಉಳಿದರೆ ಮತ್ತೆ ಬಿಸಿಯಾಗುತ್ತದೆ. ನಮ್ಮ ಅಂಗಳದ ತುದಿ ಇಳಿಜಾರು. ಗಾಡಿಯ ಮೂತಿ ಮೇಲೆ ಬರುವ ಹಾಗೆ ನಿಲ್ಲಿಸಿ, ಚಕ್ರಕ್ಕೆ ಮುರಕಲ್ಲು ಕೊಟ್ಟು, ಮುಚ್ಚಳ ತೆಗೆದಿಟ್ಟೇ ಸ್ಟಾರ್ಟ್ ಮಾಡಿದೆ. ಮೇಲಿನ ಹೋಸ್ ಹಿಸುಕುತ್ತಾ ನಿಂತರೆ ಗುಳ್ಳೆ ಗುಳುಗುಳು ಬರುತ್ತದೆ, ನೀರು ಇಳಿಯುತ್ತದೆ, ಮತ್ತೆ ಹೊಯ್ಯುವುದು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನ್ ಬರುತ್ತದೋ ನೋಡೋಣ ಎಂದು ಬಂಪರಿನ ಎದುರು ನಿಂತೆ.

ಫ್ಯಾನ್ ಬಂತು. ನನ್ನ ಲುಂಗಿ ಹಾರಿತು. ಕಾಲಿಗೆ ಬಿಸಿಬಿಸಿ ಗಾಳಿ.

ಒಂದು ಕ್ಷಣ ಹಿತವಾಯಿತು, ಆಮೇಲೆ ತಲೆ ಓಡಿತು. ಈ ಗಾಡಿಯ ಫ್ಯಾನ್ ಇರುವುದು ರೇಡಿಯೇಟರಿನ ಹಿಂದೆ. ಅದು ಎದುರಿನ ಗಾಳಿಯನ್ನು ಒಳಗೆ ಎಳೆಯಬೇಕು. ಎದುರು ನಿಂತವನ ಕಾಲಿಗೆ ಗಾಳಿ ಯಾಕೆ ಬರಬೇಕು? ಒಳಗೆ ಹೋಗಿ ಅಂದಿನ ಪೇಪರಿನ ಒಂದು ಹಾಳೆ ತಂದು ಗ್ರಿಲ್ಲಿಗೆ ಹಿಡಿದೆ. ಸರಿಯಾಗಿದ್ದರೆ ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕು. ಹಾರಿ ಬಂದು ನನ್ನ ಎದೆಗೆ ಬಡಿಯಿತು.

ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಹೊಸ ಮೋಟಾರಿನ ಕನೆಕ್ಟರ್ ಹೊಂದಿರಲಿಕ್ಕಿಲ್ಲ, ವಯರು ಕತ್ತರಿಸಿ ಹೊಸೆದು ಟೇಪ್ ಸುತ್ತಿದ್ದರು. ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಇಂತಹ ಮೋಟಾರಿಗೆ ವಯರು ತಿರುಗಿಸಿ ಕೊಟ್ಟರೆ ಅದು ತಕರಾರಿಲ್ಲದೆ ಹಿಂದಕ್ಕೆ ತಿರುಗುತ್ತದೆ. ನೋಡಿದವರಿಗೆ ಫ್ಯಾನ್ ತಿರುಗುತ್ತಿದೆ, ಅಷ್ಟೇ.

ಈಗ ಕಾಯಿಲೆಯ ಲಕ್ಷಣವೆಲ್ಲ ಹೊಂದಿತು. ನಿಂತಾಗ ಉಲ್ಟಾ ಗಾಳಿಯಾದರೂ ಒಂದಿಷ್ಟು ಗಾಳಿ ಆಡುತ್ತಿತ್ತು, ಸುಮ್ನೆ ಓಡುವ ಇಂಜಿನ್ನಿಗೆ ಅಷ್ಟು ಸಾಕಾಗುತ್ತಿತ್ತು. 60ರಲ್ಲಿ ಎದುರುಗಾಳಿಯ ಮುಂದೆ ಫ್ಯಾನಿನ ಆಟ ನಡೆಯುವುದಿಲ್ಲ. ಮಧ್ಯದ ವೇಗದಲ್ಲಿ ಎದುರಿನಿಂದ ಬರುವ ಗಾಳಿಯನ್ನು ಫ್ಯಾನ್ ಹೊರಗೆ ದೂಡುತ್ತದೆ, ಎರಡೂ ಸಮಸಮ ಆಗಿ ರೇಡಿಯೇಟರಿನಲ್ಲಿ ಗಾಳಿಯೇ ನಿಂತುಹೋಗುತ್ತದೆ. ಅದೇ ಹೊತ್ತಿಗೆ ಚಡವು, ಹಿಂಡಿಯ ಭಾರ.

ಬ್ಯಾಟರಿಯ ಮೈನಸ್ ಕಳಚಿ, ಎರಡು ವಯರು ಬದಲಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಹತ್ತು ನಿಮಿಷದ ಕೆಲಸ. ಪೇಪರ್ ಹಿಡಿದರೆ ಗ್ರಿಲ್ಲಿಗೆ ಪಟ್ಟನೆ ಅಂಟಿತು. ಮರುದಿನ ನಡುಮಧ್ಯಾಹ್ನ, ಬೇಕೆಂದೇ ಎರಡು ಗೋಣಿ ಹಿಂಡಿ ಹಾಕಿಕೊಂಡು ಎರಡನೇ ಗಿಯರಿನಲ್ಲಿ ನಾಯ್ಕಾಪಿನ ಚಡವು ಹತ್ತಿದೆ. ಹಿಂದಿನವರು ಹಾರ್ನ್ ಹೊಡೆದರು. ಮುಳ್ಳು ಅರ್ಧ ದಾಟಲಿಲ್ಲ.

ಬರುವಾಗ ಗ್ಯಾರೇಜಿಗೆ ಹೋಗಿ ಹೇಳಿದೆ. ಜಗಳಕ್ಕಲ್ಲ, ಗೊತ್ತಿರಲಿ ಎಂದು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಅದೇ ವಾರ ಅದೇ ನಮೂನೆ ಮೋಟಾರು ಇನ್ನೊಂದು ಗಾಡಿಗೂ ಹಾಕಿದ್ದೆ ಮಾರ್ರೆ" ಎನ್ನುತ್ತಾ ಫೋನ್ ತೆಗೆದರು.