ಹೆಜಮಾಡಿಯ ಬೂತಿನಲ್ಲಿ ಕೈ ಹುಡುಕಿದ ಅಜ್ಜಿ

2019ರ ಏಪ್ರಿಲ್ 18. ಉಡುಪಿ ಜಿಲ್ಲೆಯ ಹೆಜಮಾಡಿಯಲ್ಲಿ ಬೂತಿನಿಂದ ದೂರ ಮೇಜು ಹಾಕಿ ಓಟಿನ ಚೀಟಿ ಬರೆದು ಕೊಡುತ್ತಿದ್ದೆ. ಓಟು ಹಾಕಿ ಬಂದ ಅಜ್ಜಿಯೊಬ್ಬರು ನೇರ ನನ್ನ ಹತ್ತಿರ ಬಂದು, ‘ಕೈ ಓಲುಂಡು ಮಗಾ?’ ಅಂದರು. ತುಳುವಿನಲ್ಲಿ, ಕೈ ಎಲ್ಲಿದೆ ಅಂತ. ಮೆಷಿನ್‌ನಲ್ಲಿ ಕೈ ಇರಲೇ ಇಲ್ಲ. ಕಾಂಗ್ರೆಸ್-ಜೆಡಿಎಸ್ ಮೈತ್ರಿಯಲ್ಲಿ ಉಡುಪಿ-ಚಿಕ್ಕಮಗಳೂರು ಲೋಕಸಭಾ ಸೀಟು ಜೆಡಿಎಸ್ ಪಾಲಾಗಿತ್ತು. ಕಾಂಗ್ರೆಸ್‌ನಲ್ಲಿ ಮಂತ್ರಿಯಾಗಿದ್ದ ಪ್ರಮೋದ್ ಮಧ್ವರಾಜ್ ತೆನೆ ಹೊತ್ತ ಮಹಿಳೆಯ ಚಿಹ್ನೆಯಲ್ಲಿ ನಿಂತಿದ್ದರು. ಶಾಂಭವಿ ಹೊಳೆ ದಾಟಿ ಮೂಲ್ಕಿಗೆ ಹೋದರೆ ಅಲ್ಲಿ ಕೈ ಇತ್ತು, ಅದು ದಕ್ಷಿಣ ಕನ್ನಡ ಕ್ಷೇತ್ರ. ಅಜ್ಜಿ ಸೆರಗಿನ ತುದಿ ಹಿಡಿದುಕೊಂಡು ಇನ್ನೂ ನಿಂತೇ ಇದ್ದರು.

ಫಲಿತಾಂಶ ಬಂದಾಗ ಬಿಜೆಪಿಯ ಶೋಭಾ ಕರಂದ್ಲಾಜೆ ಸುಮಾರು 3.5 ಲಕ್ಷ ಓಟಿನಿಂದ ಗೆದ್ದರು. ಚಿಹ್ನೆ ಒಂದರಿಂದಲೇ ಹಾಗಾಯಿತು ಅಂತ ಹೇಳುವುದಿಲ್ಲ, ಗಾಳಿಯೂ ಇತ್ತು. ಆದರೂ ಅವತ್ತು ರಾತ್ರಿಯೇ ನನ್ನ ಪುಸ್ತಕದಲ್ಲಿ ‘ಚಿಹ್ನೆ’ ಅಂತ ಒಂದು ಹೊಸ ಕಾಲಂ ಹಾಕಿದೆ.

ಆ ಪುಸ್ತಕ ನಾನು ಬೂತ್ ಕೆಲಸಕ್ಕೆ ಇಳಿದಾಗಿನಿಂದ ಇದೆ. ಬೂತ್‌ವಾರು ಓಟಿನ ಲೆಕ್ಕ ಚುನಾವಣಾ ಆಯೋಗದ ನಮೂನೆ 20ರಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಕೈಯಲ್ಲೇ ಬರೆಯುತ್ತೇನೆ. ಮೊದಲು ಬೂತ್ ನಂಬರ್ ನೋಡಿ ಹೋಲಿಸುತ್ತಿದ್ದೆ. 2004 ಮತ್ತು 2009ನ್ನು ಅಕ್ಕಪಕ್ಕ ಇಟ್ಟಾಗ ಯಾವುದೂ ಹೊಂದಲಿಲ್ಲ. ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು. 2008ರಲ್ಲಿ ಕ್ಷೇತ್ರಗಳ ಗಡಿಯೇ ಬದಲಾಗಿತ್ತು. ಬ್ರಹ್ಮಾವರ ವಿಧಾನಸಭಾ ಕ್ಷೇತ್ರ ಇಲ್ಲವಾಗಿತ್ತು, ಬೈಂದೂರು ಶಿವಮೊಗ್ಗ ಲೋಕಸಭೆಗೆ ಸೇರಿತ್ತು. ಈಗ ನಂಬರ್ ಬಿಟ್ಟು ಶಾಲೆಯ ಹೆಸರಲ್ಲೇ ಬರೆಯುತ್ತೇನೆ. ಶಾಲೆ ಜಾಗ ಬದಲಿಸುವುದಿಲ್ಲ ಅಲ್ವಾ.

ಅಂಕಿ ಬರೆದ ಮೇಲೆ ಮೀನಿನ ಹರಾಜಿನ ಕಡೆ, ಬೀಡಿ ಡಿಪೋ, ಹಾಲು ಸೊಸೈಟಿ ಸುತ್ತುತ್ತೇನೆ. ಯಾರಿಗೆ ಹಾಕಿದ್ರಿ ಅಂತ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ, ಕೇಳುವುದೂ ಸರಿಯಲ್ಲ. ‘ಈ ಸಲ ಮನೆಗೆ ಯಾರೆಲ್ಲ ಬಂದಿದ್ರು?’ ಅಂತ ಮಾತ್ರ ಕೇಳುತ್ತೇನೆ. ಆಗ ಜನ ತಾವಾಗಿಯೇ ಮಾತು ತೆಗೆಯುತ್ತಾರೆ.

ಹೀಗೆ ತಿಳಿದದ್ದರಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಭೂಮಿಯ ಕತೆ. ಕಾಂಗ್ರೆಸ್ ಸರ್ಕಾರದ 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ (ಅರ್ಜಿ) ಹಾಕಿ ಗದ್ದೆ ಪಡೆದ ಒಕ್ಕಲು ಮನೆಗಳು ಇಲ್ಲಿ ತುಂಬಾ ಇವೆ. ಆ ಮನೆಯ ಹಿರಿಯರು ಕೈ ಬಿಡಲಿಲ್ಲ. ಕಾಂಗ್ರೆಸ್‌ನ ಆಸ್ಕರ್ ಫೆರ್ನಾಂಡಿಸ್ ಉಡುಪಿಯಿಂದ ಲೋಕಸಭೆಗೆ 1980ರಿಂದ ಸತತ ಐದು ಸಲ ಗೆದ್ದದ್ದರ ಹಿಂದೆ ಆ ನೆನಪೂ ಇತ್ತು. ಆದರೆ ಅದೇ ಗದ್ದೆಯಲ್ಲಿ ಬೆಳೆದ ಮಕ್ಕಳಿಗೆ ಅದು ಅಪ್ಪನ ಆಸ್ತಿ, ಯಾರದೋ ಉಪಕಾರ ಅಲ್ಲ. ಅವರು ಕಮಲದ ಕಡೆ ನಡೆದರು. 1998ರಲ್ಲಿ ಆಸ್ಕರ್ ಸೋತರು. ಓಟು ಪಕ್ಷದಿಂದ ಪಕ್ಷಕ್ಕೆ ಹೋದದ್ದು ನಾಯಕರ ಮಾತುಕತೆಯಲ್ಲಿ ಅಲ್ಲ, ಒಂದೇ ಚಾವಡಿಯಲ್ಲಿ ಅಪ್ಪ ಮಗನ ನಡುವೆ.

ನಾಯಕರು ಮಾತ್ರ ಬೇಗ ಹೋಗುತ್ತಾರೆ. 2019ರಲ್ಲಿ ತೆನೆ ಹೊತ್ತ ಮಹಿಳೆಯಡಿ ನಿಂತ ಪ್ರಮೋದ್ 2022ರಲ್ಲಿ ಬಿಜೆಪಿ ಸೇರಿದರು. ಜಯಪ್ರಕಾಶ್ ಹೆಗ್ಡೆಯವರು ಇದೇ ಕ್ಷೇತ್ರದ 2012ರ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನಿಂದ ಗೆದ್ದರು, ಆಮೇಲೆ ಬಿಜೆಪಿಗೆ ಹೋದರು, 2024ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ನಿಂತು ಸೋತರು. ಪುತ್ತೂರಿನಲ್ಲಿ ಬೇರೆಯೇ ನಡೆಯಿತು. 2023ರ ವಿಧಾನಸಭಾ ಚುನಾವಣೆಯಲ್ಲಿ ಅರುಣ್ ಕುಮಾರ್ ಪುತ್ತಿಲ ಬಿಜೆಪಿ ವಿರುದ್ಧ ಬಂಡಾಯ ನಿಂತು ಎರಡನೆಯವರಾದರು, ಬಿಜೆಪಿ ಮೂರಕ್ಕೆ ಇಳಿಯಿತು, ಕಾಂಗ್ರೆಸ್ ಗೆದ್ದಿತು. ಅಲ್ಲಿ ಓಟು ಚಿಹ್ನೆ ಬಿಟ್ಟು ಮನುಷ್ಯನ ಹಿಂದೆ ಹೋಗಿತ್ತು. ಅದಕ್ಕೇ ‘ಮನುಷ್ಯ’ ಅಂತ ಇನ್ನೊಂದು ಕಾಲಂ ಬಂತು.

2024ರ ಏಪ್ರಿಲ್ 26ರಂದು ಮತ್ತೆ ಅದೇ ಜಾಗದಲ್ಲಿ ಮೇಜು ಹಾಕಿದ್ದೆ. ಅಜ್ಜಿ ಮೊಮ್ಮಗನ ಸ್ಕೂಟರಿನಲ್ಲಿ ಬಂದರು, ಓಟು ಹಾಕಿ ಬಂದರು. ಸ್ಕೂಟರ್ ಹತ್ತುವ ಮೊದಲು ನನ್ನ ಕಡೆ ತಿರುಗಿ, ‘ಈ ಸರ್ತಿ ಉಂಡು’ ಅಂದರು. ಈ ಸಲ ಇದೆ ಅಂತ.