ದಾವಣಗೆರೆಯಿಂದ ಅಂಡಮಾನ್‌ಗೆ ಹೋಗ್ಬೇಕಾ ಬ್ಯಾಡ್ವಾ, ಡಿಸೈಡ್ ಮಾಡೋದು ಹೆಂಗೆ

ನಮ್ಮ ಬೀದೀಲಿ ಈ ವರ್ಷ ಮೂರು ಮನೆಯವ್ರು ಅಂಡಮಾನ್ ಬಗ್ಗೆ ನನ್ನ ಹತ್ರ ಕೇಳಿದ್ರು. ಒಬ್ರು ಹೋಗಿ ಬಂದ್ರು, ಒಬ್ರು ಯೋಚ್ನೆ ಮಾಡಿ ಬಿಟ್ರು, ಇನ್ನೊಬ್ರು ಅಲ್ಲಿಗೆ ಪಾಸ್‌ಪೋರ್ಟ್ ಬೇಕು ಅಂದ್ಕೊಂಡು ಬಿಟ್ರು. ಆ ಮೂರನೇ ಮನೆಯವ್ರ ವಿಷ್ಯ ಕೇಳಿ ನಂಗೆ ನಿಜವಾಗ್ಲೂ ಬೇಜಾರಾಯ್ತು, ಅದಕ್ಕೇ ಇದನ್ನ ಬರೀತಿದೀನಿ. ಅಂಡಮಾನ್ ನಮ್ಮ ದೇಶಾನೇ, ಆಧಾರ್ ಕಾರ್ಡ್ ಇದ್ರೆ ಸಾಕು, ನಾವು ಸುತ್ತೋ ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್ ಯಾವುದಕ್ಕೂ ಭಾರತೀಯರಿಗೆ ಪರ್ಮಿಟ್ ಬೇಕಾಗಿಲ್ಲ, ಆದಿವಾಸಿಗಳ ರಿಸರ್ವ್ ಏರಿಯಾಗೆ ಮಾತ್ರ ಹೋಗಂಗಿಲ್ಲ. ಇನ್ನೊಂದು ಗೊಂದಲ ಹೆಸ್ರುಗಳ್ದು, 2018ರಲ್ಲಿ ಹ್ಯಾವ್ಲಾಕ್ ಸ್ವರಾಜ್ ದ್ವೀಪ ಆಯ್ತು, ನೀಲ್ ಶಹೀದ್ ದ್ವೀಪ ಆಯ್ತು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯ್ತು, ಟಿಕೆಟ್ ಮೇಲೆ ಯಾವ ಹೆಸ್ರು ಬಂದ್ರೂ ಗಾಬರಿ ಆಗ್ಬೇಡ್ರಿ, ಎರಡೂ ಒಂದೇ.

ಫೋಟೋ ನೋಡಿ ಡಿಸೈಡ್ ಮಾಡ್ಬೇಡ್ರಿ. ಹ್ಯಾವ್ಲಾಕ್‌ನ ರಾಧಾನಗರ ಬೀಚ್ ಚೆನ್ನಾಗಿದ್ಯಾ ಅಂತ ಕೇಳೋದೇ ಬ್ಯಾಡ, ಟೈಮ್ ಮ್ಯಾಗಜೀನ್ 2004ರಲ್ಲೇ ಅದನ್ನ ಏಷ್ಯಾದಲ್ಲೇ ಬೆಸ್ಟ್ ಅಂದಿತ್ತು, ನಾನು ನೋಡಿದಾಗ್ಲೂ ಹಂಗೇ ಇತ್ತು, ಹಿಂದುಗಡೆ ಕಂಬ ನಿಲ್ಸಿದಂಗೆ ಎತ್ತರೆತ್ತರದ ಮರ, ಮುಂದೆ ಹಿಟ್ಟಿನಂಥ ಬಿಳಿ ಮರಳು. ಚೆನ್ನಾಗಿರೋದು ದೂರ ಇರೋದ್ರಿಂದಾನೇ, ಜನ ಬಿಡೋದೂ ದೂರ ಇರೋದ್ರಿಂದಾನೇ. ಆ ದೂರ ನಿಮ್ಮನೆಗೆ ತಡೆಯುತ್ತಾ ಇಲ್ವಾ ಅನ್ನೋದೊಂದನ್ನೇ ನೋಡ್ಬೇಕು.

ಮೊದ್ಲು ಒಂದು ಹಾಳೆ ತಗೊಂಡು ದಿನ ಲೆಕ್ಕ ಹಾಕ್ರಿ. ಎಷ್ಟು ದಿನ ರಜೆ ಅಂತಲ್ಲ, ಎಷ್ಟು ದಿನ ನಿಜವಾಗಿ ಬೀಚ್ ಮೇಲಿರ್ತೀರಿ ಅಂತ. ದಾವಣಗೆರೆಯಿಂದ ರಾತ್ರಿ ಬಸ್ಸೋ ಟ್ರೈನೋ ಹತ್ತಿ ಬೆಳಗಿನ ಜಾವ ಯಶವಂತಪುರದಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಅಲ್ಲಿಂದ ಏರ್‌ಪೋರ್ಟ್ ಬಸ್, ಆಮೇಲೆ ಡೈರೆಕ್ಟ್ ಫ್ಲೈಟ್ ಸಿಕ್ರೆ ಎರಡೂವರೆ ಮೂರು ಗಂಟೆ, ಸಿಗದಿದ್ರೆ ಚೆನ್ನೈ ಸುತ್ಕೊಂಡು. ಪೋರ್ಟ್ ಬ್ಲೇರ್ ಮುಟ್ಟೋ ಹೊತ್ತಿಗೆ ಮಧ್ಯಾಹ್ನ, ಹ್ಯಾವ್ಲಾಕ್ ಫೆರ್ರಿ ಅವತ್ತು ಸಿಗೋ ಗ್ಯಾರಂಟಿ ಇಲ್ಲ, ರಾತ್ರಿ ಅಲ್ಲೇ ಉಳೀಬೇಕು. ಮಾರನೇ ದಿನ ಬೆಳಗ್ಗೆ ಫೆರ್ರಿ, ರೂಮ್ ಸೇರೋದು ಹತ್ತು ಹನ್ನೊಂದಕ್ಕೆ. ವಾಪಸ್ ಬರುವಾಗ್ಲೂ ಹಿಂಗೇ, ಫ್ಲೈಟಿನ ಹಿಂದಿನ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರ್ಬೇಕು. ಅಲ್ಲಿಗೆ ಐದು ದಿನ ರಜೆ ಹಾಕಿದ್ರೆ ಮರಳ ಮೇಲೆ ಕೂರೋದು ಎರಡೂವರೆ ದಿನ, ಜಾಸ್ತಿ ಅಂದ್ರೆ. ಏಳೆಂಟು ದಿನ ಇದ್ರೆ ಹೋಗ್ರಿ, ಐದಕ್ಕಿಂತ ಕಮ್ಮಿ ಇದ್ರೆ ಬಿಟ್ಬಿಡ್ರಿ ಅಂತ ನಾನು ಯಾರಿಗಾದ್ರೂ ನೇರವಾಗೇ ಹೇಳ್ತೀನಿ.

ಆ ಹಿಂದಿನ ರಾತ್ರಿ ವಿಷ್ಯ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನಾವು ಮೊದ್ಲನೇ ಸಲ ಹೋದಾಗ ಪ್ಯಾಕೇಜ್ ಮಾಡಿಕೊಟ್ಟವ್ರು ಫ್ಲೈಟ್ ದಿನಾನೇ ಬೆಳಗ್ಗೆ ಹ್ಯಾವ್ಲಾಕಿಂದ ಫೆರ್ರಿ ಇಟ್ಟಿದ್ರು. ಅವತ್ತು ಗಾಳಿ ಜೋರಿತ್ತು, ಫೆರ್ರಿ ಕ್ಯಾನ್ಸಲ್. ಜೆಟ್ಟೀಲಿ ಬ್ಯಾಗ್ ಮೇಲೆ ಕೂತು ಮಗಳಿಗೆ ಬಿಸ್ಕೆಟ್ ತಿನ್ನಿಸ್ತಾ ಫೋನ್ ಮಾಡೋದು, ಅವ್ರು ಎತ್ತಲ್ಲ, ಎತ್ತಿದ್ರೆ ಹವಾಮಾನ ನಮ್ಮ ಕೈಲಿಲ್ಲ ಸರ್ ಅಂತಾರೆ. ನಾಲ್ಕು ಜನರ ಫ್ಲೈಟ್ ದುಡ್ಡು ಪೂರ್ತಿ ಹೋಯ್ತು. ಹವಾಮಾನ ಯಾರ ಕೈಲೂ ಇಲ್ಲ ಸರಿ, ಆದ್ರೆ ಒಂದು ರಾತ್ರಿ ಮುಂಚೆ ವಾಪಸ್ ಕರ್ಕೊಂಡು ಬರೋದು ಅವ್ರ ಕೈಲೇ ಇತ್ತಲ್ಲ. ಪ್ಲಾನ್ ಯಾರೇ ಮಾಡಿಕೊಡ್ಲಿ, ಆ ಕೊನೇ ರಾತ್ರಿ ಎಲ್ಲಿ ಅಂತ ಮೊದ್ಲು ನೋಡ್ರಿ. ಸ್ಕೂಬಾ, ಅಂದ್ರೆ ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಸಮುದ್ರದಡಿ ಈಜೋದು, ಅದನ್ನ ಮಾಡೋರಿಗಂತೂ ಇದು ಆರೋಗ್ಯದ ಪ್ರಶ್ನೆ, ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರ್ದು, 24 ಗಂಟೆ ಬಿಟ್ರೆ ಇನ್ನೂ ಒಳ್ಳೇದು, ರಕ್ತದಲ್ಲಿ ಕರಗಿರೋ ನೈಟ್ರೋಜನ್ ಮೇಲೆ ಹೋದಾಗ ಗುಳ್ಳೆ ಆಗುತ್ತೆ.

ಎರಡನೇದು, ಜೊತೆಗೆ ಯಾರು ಬರ್ತಾರೆ. ಎರಡನೇ ಸಲ ಅವ್ವನ್ನ ಕರ್ಕೊಂಡು ಹೋಗಿದ್ವಿ. ಪ್ರೈವೇಟ್ ಫೆರ್ರಿ ಅಂದ್ರೆ ಎಸಿ ಬಸ್ಸಿದ್ದಂಗೆ, ಗಾಜೆಲ್ಲ ಮುಚ್ಚಿರುತ್ತೆ, ಒಂದೂವರೆ ಗಂಟೆಗೆ ಮುಟ್ಟಿಸ್ತಾರೆ. ಹೊರಗೆ ಬಂದು ಗಾಳಿ ತಗೋಳೋಣ ಅಂದ್ರೆ ನಡುವೆ ಬಿಡಲ್ಲ. ಅರ್ಧ ಗಂಟೆ ಆಗಿರ್ಲಿಲ್ಲ, ಅವ್ವ ಕೈಲಿದ್ದ ನಿಂಬೆಹಣ್ಣು ಮೂಸೋದು ನಿಲ್ಸಿ ಸುಮ್ನೆ ಕಣ್ಮುಚ್ಚಿ ಸೀಟಿನ ಕಂಬಿ ಹಿಡ್ಕೊಂಡ್ರು, ಬೆರಳಿನ ಗೆಣ್ಣು ಬೆಳ್ಳಗಾಗಿತ್ತು, ಆಮೇಲೆ ಆ ಕಾಗದದ ಚೀಲ ಮೂರು ಬೇಕಾಯ್ತು. ಇಳಿದ ಮೇಲೆ "ನೀ ಫ್ಲೈಟಂದಿದ್ದಿ, ಇದನ್ ಹೇಳಿರ್ಲಿಲ್ಲಲ್ಲಪ್ಪ" ಅಂದ್ರು, ಅದು ಸತ್ಯ, ನಾನು ಹೇಳಿರ್ಲಿಲ್ಲ. ವಾಪಸ್ ಬರುವಾಗ ಗೌರ್ಮೆಂಟ್ ಫೆರ್ರೀಲಿ ಬಂದ್ವಿ, ಅದು ಎರಡೂವರೆ ಗಂಟೆ ತಗೊಳ್ಳುತ್ತೆ, ಆದ್ರೆ ಮೇಲೆ ಡೆಕ್ ಮೇಲೆ ನಿಲ್ಬೋದು, ದೂರದ ಗೆರೆ ನೋಡ್ತಾ ಅವ್ವ ಒಂದ್ಸಲಾನೂ ವಾಂತಿ ಮಾಡ್ಲಿಲ್ಲ. ವಾಂತಿ ಮಾತ್ರೆ ಡಾಕ್ಟರ್ ಹತ್ರ ಕೇಳಿ ತಗೊಂಡು ಹತ್ತೋಕೆ ಮುಂಚೇನೇ ನುಂಗಿಸ್ಬೇಕು, ಶುರುವಾದ ಮೇಲೆ ನುಂಗಿಸಿದ್ರೆ ಅದೂ ಆಚೆ ಬರುತ್ತೆ. ಸೀಟು ಕೆಳಗಿನ ಡೆಕ್ಕಿನ ನಡುಭಾಗದಲ್ಲಿ ಕೇಳ್ರಿ, ಅಲ್ಲಿ ಅಲುಗಾಟ ಕಮ್ಮಿ.

ಹೃದಯದ ತೊಂದ್ರೆ ಇದ್ದೋರು, ವಾರಕ್ಕೆರಡು ಸಲ ಡಯಾಲಿಸಿಸ್ ಇರೋರು, ಏಳೆಂಟು ತಿಂಗಳ ಬಸುರಿ, ಇವ್ರನ್ನ ಕರ್ಕೊಂಡು ಹ್ಯಾವ್ಲಾಕ್‌ಗೆ ಹೋಗ್ಬೇಡ್ರಿ. ಅಲ್ಲಿರೋದು ಸಣ್ಣ ಆಸ್ಪತ್ರೆ, ದೊಡ್ಡದು ಅಂದ್ರೆ ಪೋರ್ಟ್ ಬ್ಲೇರ್‌ನ ಜಿ.ಬಿ. ಪಂತ್, ಮಧ್ಯೆ ಸಮುದ್ರ ಇದೆ. ಅಂಥವ್ರು ಮನೇಲಿದ್ರೆ ಈ ಟ್ರಿಪ್ ಬಿಡೋದೇ ಸರಿ, ಅದ್ರಲ್ಲಿ ಬೇಜಾರು ಪಡೋ ಅಂಥದ್ದೇನಿಲ್ಲ.

ಈಗ ಸೀಸನ್. ನಮ್ಮೂರ ಕಡೆ ಜನ ಎಡವೋದು ಇಲ್ಲೇ, ಯಾಕಂದ್ರೆ ನಾವು ಸ್ಕೂಲ್ ರಜೆ ನೋಡ್ಕೊಂಡು ಹೊರಡೋರು. ದಸರಾ ರಜೆ ಅಂದ್ರೆ ಅಕ್ಟೋಬರ್, ಬಂಗಾಳ ಕೊಲ್ಲಿಲಿ ಚಂಡಮಾರುತ ಏಳೋ ಕಾಲ, ಅದು ನವೆಂಬರ್ ಡಿಸೆಂಬರ್ ತನಕಾನೂ ಇರುತ್ತೆ. ಬೇಸಿಗೆ ರಜೆ ಮೇ ಕೊನೇಗೆ ಇಟ್ಕೊಂಡ್ರೆ ಕೇರಳಕ್ಕಿಂತ ಮೊದ್ಲು ಮುಂಗಾರು ಮುಟ್ಟೋದೇ ಅಂಡಮಾನ್‌ಗೆ. ಪರೀಕ್ಷೆ ಮುಗಿದ ತಕ್ಷಣ ಏಪ್ರಿಲ್ ಮೊದಲನೇ ಎರಡನೇ ವಾರ ಹೊರಡ್ರಿ, ಬಿಸಿಲಿರುತ್ತೆ, ಆದ್ರೆ ನೀರು ತಿಳಿ, ಅಲೆ ಕಮ್ಮಿ. ಸ್ಕೂಲ್ ಮಕ್ಕಳಿಲ್ದೇ ಇದ್ರೆ ಜನವರಿ ಕೊನೇದಿಂದ ಮಾರ್ಚ್, ಅದಕ್ಕಿಂತ ಒಳ್ಳೇ ಟೈಮಿಲ್ಲ. ಕ್ರಿಸ್‌ಮಸ್ ನ್ಯೂ ಇಯರ್ ವಾರದಲ್ಲಿ ರೂಮು ಫ್ಲೈಟು ಎರಡೂ ಮುಟ್ಟಂಗಿರಲ್ಲ.

ಯಾರೂ ಹೇಳದ ವಿಷ್ಯ ಒಂದಿದೆ. ರೂಮ್ ಬುಕ್ ಮಾಡೋಕೆ ಮುಂಚೆ ಗೋಡೆ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ ಹುಣ್ಣಿಮೆ ಯಾವತ್ತು ಅಂತ ನೋಡ್ರಿ. ಸಮುದ್ರ ದಿನಕ್ಕೆ ಎರಡ್ಸಲ ಏರುತ್ತೆ ಎರಡ್ಸಲ ಇಳಿಯುತ್ತೆ, ಮಧ್ಯೆ ಆರು ಗಂಟೆ ಚಿಲ್ಲರೆ, ಮಾರನೇ ದಿನ ಅದೇ ಏರಿಕೆ ಸುಮಾರು 50 ನಿಮಿಷ ತಡ, ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಏರೋದೂ ಜಾಸ್ತಿ ಇಳಿಯೋದೂ ಜಾಸ್ತಿ. ಹ್ಯಾವ್ಲಾಕ್‌ನ ವಿಜಯನಗರ, ಗೋವಿಂದನಗರ ಕಡೆ ಬೀಚ್ ಎದುರಿಗೇ ರೂಮ್ ಅಂತ ಜಾಸ್ತಿ ದುಡ್ಡು ಕೊಟ್ಟಿರ್ತೀರಿ, ಬೆಳಗ್ಗೆ ಎದ್ದು ನೋಡಿದ್ರೆ ನೀರು ಅಷ್ಟು ದೂರ ಸರಿದಿರುತ್ತೆ, ಕಾಲಿಟ್ರೆ ಹವಳದ ಚೂಪು ಕಲ್ಲು, ಪಾಚಿ, ದೋಣಿ ಒಂದು ಕಡೆ ವಾಲ್ಕೊಂಡು ನಿಂತಿರುತ್ತೆ. ಫೋಟೋದಲ್ಲಿದ್ದ ನೀಲಿ ನೀರೆಲ್ಲಿ ಅಂತ ಜನ ಬೈಕೊಂತಾರೆ, ಮಧ್ಯಾಹ್ನ ಅದೇ ಜಾಗದಲ್ಲಿ ಎದೆಮಟ್ಟ ನೀರಿರುತ್ತೆ. ನಮ್ಮ ಮಗಳಿಗೆ ಮಾತ್ರ ಆ ಇಳಿತಾನೇ ಇಷ್ಟ ಆಯ್ತು, ಗುಂಡೀಲಿ ನಿಂತ ಅಂಗೈಯಷ್ಟು ನೀರಲ್ಲಿ ಒಂದು ಸಣ್ಣ ಏಡಿ ಖಾಲಿ ಶಂಖ ಹೊತ್ಕೊಂಡು ಹೋಗ್ತಿತ್ತು, ಕಾಲು ಗಂಟೆ ಅದರ ಹಿಂದೇನೇ ಕೂತಿದ್ಲು. ನೀಲ್ ದ್ವೀಪದ ಕಲ್ಲಿನ ಕಮಾನು ನೋಡೋಕೂ ಇಳಿತಾನೇ ಬೇಕು. ಈಜೋದೇ ಮುಖ್ಯ ಅನ್ನೋರು ಏರಿಕೆ ಯಾವ ಹೊತ್ತಿಗೆ ಅಂತ ಟೈಡ್ ಟೇಬಲ್ ನೋಡಿ ಹೋಗ್ರಿ.

ಹೊತ್ತಿನ ಲೆಕ್ಕಾನೂ ಬೇರೆ. ಅಂಡಮಾನ್ ನಮಗಿಂತ ಸುಮಾರು 17 ಡಿಗ್ರಿ ಪೂರ್ವಕ್ಕಿದೆ, ಗಡಿಯಾರ ಮಾತ್ರ ಅದೇ, ಹಂಗಾಗಿ ಸೂರ್ಯ ಅಲ್ಲಿ ಒಂದು ಗಂಟೆಗೂ ಮುಂಚೆ ಹುಟ್ಟಿ ಒಂದು ಗಂಟೆಗೂ ಮುಂಚೆ ಮುಳುಗ್ತಾನೆ. ಚಳಿಗಾಲದಲ್ಲಿ ಐದಕ್ಕೆಲ್ಲ ಸೂರ್ಯಾಸ್ತ. ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ಹೊಡೆದು ನಾಲ್ಕೂವರೆಗೆ ಹೊರಟ್ರೆ ರಾಧಾನಗರದ ಸೂರ್ಯಾಸ್ತ ಕೈ ತಪ್ಪುತ್ತೆ.

ಊಟ. ನಾವು ಸಸ್ಯಾಹಾರಿಗಳು, ಅವ್ವನ ಮೊದಲನೇ ಪ್ರಶ್ನೆ ಅದೇ ಆಗಿತ್ತು. ಹ್ಯಾವ್ಲಾಕ್ ಊರು ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳು ಕಟ್ಟಿದ್ದು, ಮೀನು ಜಾಸ್ತಿ, ಆದ್ರೆ ಅನ್ನ ಬೇಳೆ ಪಲ್ಯದ ಥಾಲಿ ಎಲ್ಲ ಕಡೆ ಸಿಗುತ್ತೆ, ಪೋರ್ಟ್ ಬ್ಲೇರ್‌ನಲ್ಲಂತೂ ತಮಿಳರ ಇಡ್ಲಿ ದೋಸೆ ಹೋಟೆಲ್ ಇವೆ. ಸಾಮಾನು ಬಹಳಷ್ಟು ಹಡಗಲ್ಲಿ ಚೆನ್ನೈ ಕೊಲ್ಕತ್ತಾದಿಂದ ಬರ್ಬೇಕು, ಅದಕ್ಕೇ ರೇಟ್ ಜಾಸ್ತಿ, ಅವ್ರನ್ನ ಬೈದು ಪ್ರಯೋಜನ ಇಲ್ಲ. ನಾವು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ಕೆಜಿ ಮಂಡಕ್ಕಿ ತಗೊಂಡು ಹೋಗಿದ್ವಿ, ಈರುಳ್ಳಿ ಖಾರ ಅಲ್ಲೇ ಹಾಕಿ ಕಲಸಿದ್ವಿ. ಸಮುದ್ರದ ಗಾಳಿಗೆ ಮಂಡಕ್ಕಿ ಬೇಗ ಮೆತ್ತಗಾಗುತ್ತೆ, ಗಟ್ಟಿ ಮುಚ್ಚಳದ ಡಬ್ಬೀಲಿ ಇಡ್ರಿ.

ನೆಟ್‌ವರ್ಕ್ 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಬಂದ್ಮೇಲೆ ಎಷ್ಟೋ ಸುಧಾರಿಸಿದೆ, ಆದ್ರೂ ನಮ್ಮೂರಂಗೆ ಇರಲ್ಲ, ಕೈಲಿ ಸ್ವಲ್ಪ ಕ್ಯಾಶ್ ಇಟ್ಕೊಳ್ರಿ. ಸ್ಯಾಂಡ್‌ಫ್ಲೈ ಅಂತ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೆರ್ಕೊಳ್ಬೇಡ್ರಿ, ಗಾಯ ಆಗುತ್ತೆ. ಹವಳದ ಚೂರು ಎತ್ಕೊಂಡು ಬರೋದು ಅಪರಾಧ, ಏರ್‌ಪೋರ್ಟ್‌ನಲ್ಲಿ ಹಿಡೀತಾರೆ.

ಒಂದು ಮಾತು ಮಾತ್ರ ದಯವಿಟ್ಟು ಕೇಳ್ರಿ. ನಮ್ಮ ಕಡೆ ಹುಡುಗ್ರು ಭದ್ರಾ ಕಾಲುವೇಲಿ ಈಜು ಕಲ್ತಿರ್ತಾರೆ, ನಂಗೆ ಈಜು ಬರುತ್ತೆ ಅಂತ ಸಮುದ್ರಕ್ಕೆ ನುಗ್ತಾರೆ. ಕಾಲುವೆ ಒಂದೇ ಕಡೆ ಎಳೆಯುತ್ತೆ, ದಡ ಎರಡೂ ಪಕ್ಕ ಇರುತ್ತೆ. ಸಮುದ್ರದಲ್ಲಿ ದಡದಿಂದ ಒಳಗೆ ಎಳೆಯೋ ಸೆಳವು ಇರುತ್ತೆ, ಅದರ ಎದುರಿಗೆ ಈಜಿದ್ರೆ ಎಂಥವನೂ ಸುಸ್ತಾಗಿ ಮುಳುಗ್ತಾನೆ. ಸಿಕ್ಕಿಹಾಕ್ಕೊಂಡ್ರೆ ದಡದ ಉದ್ದಕ್ಕೆ ಸಮವಾಗಿ ಈಜಿ ಸೆಳವಿಂದ ಪಕ್ಕಕ್ಕೆ ಬಂದು ಆಮೇಲೆ ದಡದ ಕಡೆ ತಿರುಗ್ಬೇಕು, ಆಗ್ಲಿಲ್ಲ ಅಂದ್ರೆ ಅಂಗಾತ ತೇಲ್ತಾ ಕೈ ಎತ್ತಿ ಕೂಗ್ಬೇಕು. ಉಪ್ಪುನೀರಿನ ಮೊಸಳೇನೂ ಈ ದ್ವೀಪಗಳಲ್ಲಿದೆ, ಬೋರ್ಡ್ ಹಾಕಿರೋ ಕಡೆ, ಮ್ಯಾಂಗ್ರೋವ್ ತೊರೆ ಸೇರೋ ಕಡೆ ನೀರಿಗಿಳೀಬೇಡ್ರಿ.

ಲಕ್ಷದ್ವೀಪ ಯಾಕೆ ಬ್ಯಾಡ ಅಂತ 2024ರಿಂದ ಎಲ್ರೂ ಕೇಳ್ತಾರೆ. ಸಣ್ಣ ಮಕ್ಕಳಿದ್ರೆ ನನ್ನ ಪ್ರಕಾರ ಅದು ಅಂಡಮಾನ್‌ಗಿಂತ ಚೆಂದ, ಹವಳದ ದಿಬ್ಬ ಸುತ್ತ ತಡೆಗೋಡೆ ಥರ ನಿಂತಿರೋದ್ರಿಂದ ಒಳಗಿನ ನೀರು ನಮ್ಮ ಸೂಳೆಕೆರೆ ಥರ ಶಾಂತ. ಒಂದು ಕಾಲಕ್ಕೆ ಅಮಿನಿ, ಕಡಮತ್ ಕಡೆ ದ್ವೀಪಗಳ ಆಡಳಿತ ನಡೀತಿದ್ದಿದ್ದೇ ಮಂಗಳೂರಿಂದ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ವು, 1956ರಲ್ಲಿ ಬೇರೆಯಾದ್ವು. ಆದ್ರೆ ಪರ್ಮಿಟ್ ಇಲ್ದೇ ಯಾರಿಗೂ ಎಂಟ್ರಿ ಇಲ್ಲ, ರೂಮ್ ಬಹಳ ಕಮ್ಮಿ, ವಿಮಾನ ಇಳಿಯೋ ಅಗತ್ತಿ ದ್ವೀಪಕ್ಕೆ ಹೋಗೋದು ಸಣ್ಣ ವಿಮಾನ, ಸೀಟು ಬೇಗ ತುಂಬುತ್ತೆ, ಹಡಗು ಕೊಚ್ಚಿಯಿಂದ. ಜನ ಇರೋದು ಹತ್ತೇ ದ್ವೀಪದಲ್ಲಿ, ಒಟ್ಟು ನೆಲ 32 ಚದರ ಕಿಲೋಮೀಟರ್, ಸಿಹಿನೀರೂ ಕಷ್ಟ, ಕವರತ್ತಿಲಿ 2005ರಿಂದ ಸಮುದ್ರದ ನೀರನ್ನೇ ಸಿಹಿ ಮಾಡಿ ಕೊಡ್ತಿದಾರೆ, ಹಂಗಿದ್ದಾಗ ಎಲ್ರನ್ನೂ ಬಿಟ್ಕೊಳ್ಳೋಕೆ ಆಗಲ್ಲ. ಬಂಗಾರಂ ದ್ವೀಪ ಬಿಟ್ರೆ ಮದ್ಯ ಕುಡಿಯೋದಕ್ಕೆ ಅವಕಾಶ ಇಲ್ಲ, ಫ್ರೆಂಡ್ಸ್ ಗುಂಪು ಬಿಡೋದು ಇದಕ್ಕೇ, ಫ್ಯಾಮಿಲಿಗಳು ಆರಿಸ್ಕೊಳ್ಳೋದೂ ಇದಕ್ಕೇ.

ಇವೆರಡೂ ಆಗದಿದ್ರೆ ಸಾಗರ ಜೋಗದ ಮೇಲೆ ಇಳಿದು ಮುರುಡೇಶ್ವರಕ್ಕೆ ಹೋಗ್ರಿ, ನೇತ್ರಾಣಿ ದ್ವೀಪದ ಹತ್ರ ಸ್ಕೂಬಾ ಮಾಡಿಸ್ತಾರೆ, ಮಳೆಗಾಲದಲ್ಲಿ ಬಂದ್. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆ ನೋಡಿ ಚಿತ್ರದುರ್ಗದ ನಮ್ಮ ಸೋದರಮಾವ ನಮ್ಮ ಕೋಟೆ ಕಲ್ಲಿಗಿಂತ ಬೇರೇನೇ ಇದೆಯಲ್ಲೋ ಅಂತ ಮುಟ್ಟಿ ಮುಟ್ಟಿ ನೋಡಿದ್ರು.

ಹೋಗೋದೇ ಅಂತ ಆದ್ರೆ ಬುಕಿಂಗ್ ಈ ಸಾಲಲ್ಲಿ ಮಾಡ್ರಿ. ಮೊದ್ಲು ಕ್ಯಾಲೆಂಡರ್ ನೋಡಿ ದಿನ ಗೊತ್ತು ಮಾಡ್ಕೊಂಡು ಫ್ಲೈಟ್, ಆಮೇಲೆ ಎರಡೂ ಕಡೆ ಫೆರ್ರಿ, ಫೆರ್ರಿ ಹೊತ್ತು ಕನ್ಫರ್ಮ್ ಆದ್ಮೇಲೆ ರೂಮ್, ಅದ್ರಲ್ಲಿ ಪೋರ್ಟ್ ಬ್ಲೇರ್‌ನ ಕೊನೇ ರಾತ್ರಿ ಮರೀಬೇಡ್ರಿ, ಸ್ಕೂಬಾ ಟ್ರಿಪ್ಪಿನ ಮೊದಲರ್ಧದಲ್ಲೇ ಇಟ್ಕೊಳ್ರಿ. ದಾವಣಗೆರೆ ಬೆಂಗಳೂರು ಟಿಕೆಟ್ ಕೊನೇಗೆ ಮಾಡಿದ್ರೂ ನಡೆಯುತ್ತೆ, ಆದ್ರೆ ಫ್ಲೈಟಿಗೆ ನಾಲ್ಕೈದು ಗಂಟೆ ಮುಂಚೆ ಬೆಂಗ್ಳೂರು ಮುಟ್ಟೋ ಗಾಡಿನೇ ಹಿಡೀರಿ, ತುಮಕೂರು ದಾಟಿದ್ಮೇಲೆ ನೆಲಮಂಗಲದ ಹತ್ರ ಟ್ರಾಫಿಕ್ ಸಿಕ್ರೆ ಅಲ್ಲೇ ಒಂದು ಗಂಟೆ ಹೋಗುತ್ತೆ.